ಬೇಸಿಗೆಯ ಗಬ್ಬದ ಹಸುವೂ ಜೀವಸತ್ವಗಳ ಪೂರೈಕೆಯೂ: ಕೊಡಗಿನ ಪರಿಸ್ಥಿತಿಯ ವಿವೇಚನೆ

ಕಾವೇರಿಯೂ ಹಾರಂಗಿಯೂ ಸಂಗಮಿಸುವ ಕೂಡಿಗೆಯಲ್ಲಿ ೧೯೫೫ರಲ್ಲಿ ಹಾಲಿನ ಡೈರಿಯೊಂದು ಸ್ಥಾಪಿತವಾಯಿತು. ಇಂದಿನ ಕರ್ನಾಟಕದ ನೆಲದಲ್ಲಿ ಇಂತಹ ಡೈರಿಗಳ ಪೈಕಿ ಅದೇ ಮೊದಲನೆಯದು. ಆಗ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಿತು. ಅದು ಮೈಸೂರು ರಾಜ್ಯದಲ್ಲಿ ವಿಲೀನವಾದುದು ೧೯೫೬ರ ನವೆಂಬರ್ ೧ರಂದು. ಆ ಬಳಿಕ ಈ ಸೀಮೆಯ ಕೊಟ್ಟಿಗೆಗಳಲ್ಲಿ ಗಿಡ್ಡ ತಳಿಯ ನಾಟಿ ಹಸುಗಳ ಪಕ್ಕದಲ್ಲಿ ಜೆರ್ಸಿ ಮತ್ತು ಹೋಲ್‌ಸ್ಟೀನ್ ರಕ್ತದ ಮಿಶ್ರತಳಿಗಳೂ ನೆಲೆಗೊಂಡವು. ಹಾಲು ಹೆಚ್ಚಿತು, ಅದರೊಂದಿಗೆ ನಾಟಿ ಹಸುವಿಗೆ ಅಷ್ಟಾಗಿ ಬಾಧಕವಲ್ಲದ ಕೆಲವು ತೊಡಕುಗಳೂ ಕಾಣಿಸಿಕೊಂಡವು. ಅವುಗಳಲ್ಲಿ ಒಂದನ್ನು, ಎಂದರೆ ಬೇಸಿಗೆಯಲ್ಲಿ ತುಂಬು ಗಬ್ಬವಾಗಿರುವ ಹಸುವಿಗೆ ಜೀವಸತ್ವಗಳನ್ನು ಹೊರಗಿನಿಂದ ಒದಗಿಸಬೇಕೆ, ಒದಗಿಸುವುದಾದರೆ ಯಾವುವನ್ನು, ಎಷ್ಟು ಎಂಬ ಪ್ರಶ್ನೆಯನ್ನು, ನಾವು ಇಲ್ಲಿ ವಿವೇಚಿಸಹೊರಟಿದ್ದೇವೆ. ಎರಡೋ ಮೂರೋ ಹಸುಗಳನ್ನು ನಂಬಿದ ಸಂಸಾರಕ್ಕೆ ಒಂದು ಕರುವಿನ ಸಾವು, ಒಂದು ಕೆಚ್ಚಲಿನ ಕೇಡು ಅಲ್ಪವಾದ ನಷ್ಟವಲ್ಲ. ಬೇಡದ ಔಷಧಿಗೆ ತೆರುವ ಹಣವೂ ಹಾಗೆಯೇ ನಷ್ಟವಲ್ಲವೆ?

೧. ತಂಪಿನ ಸೀಮೆಯಲ್ಲಿ ಸೆಕೆಯ ಪ್ರಶ್ನೆ

ಕೊಡಗಿನಲ್ಲಿ ಹಸುವಿಗೆ ಸೆಕೆಯ ಬಾಧೆ ಎಲ್ಲಿಯದು ಎಂದು ವಾಚಕರು ಕೇಳಬಹುದು. ಸಮುದ್ರಮಟ್ಟದಿಂದ ಸುಮಾರು ೧,೧೫೦ ಮೀಟರ್ ಎತ್ತರದಲ್ಲಿರುವ, ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಮಡಿಕೇರಿಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡರೆ ಈ ಸಂದೇಹ ಸಹಜವೇ. ಆದರೆ ಕೊಡಗೆಲ್ಲವೂ ಮಡಿಕೇರಿಯಲ್ಲ. ಪೂರ್ವದಲ್ಲಿ ಕುಶಾಲನಗರ, ಕೂಡಿಗೆಗಳ ಬಯಲು ಮುನ್ನೂರು ಮೀಟರಿನಷ್ಟು ತಗ್ಗಿನಲ್ಲಿದೆ. ಅಲ್ಲಿ ಮಳೆ ಬಹಳ ಕಡಿಮೆ, ಮಾರ್ಚ್ ಏಪ್ರಿಲ್‌ಗಳ ಬಿಸಿಲು ತೀಕ್ಷ್ಣ.

ಹಸುವಿನ ಬಾಧೆಯನ್ನು ಅಳೆಯಲು ಗಾಳಿಯ ಉಷ್ಣತೆಯೊಂದೇ ಸಾಲದು. ಬೆವರೂ ಉಸಿರೂ ಆವಿಯಾಗಿ ಹೋಗುವುದರಿಂದಲೇ ಅದು ಬಹುಪಾಲು ಶಾಖವನ್ನು ಕಳೆದುಕೊಳ್ಳುವುದರಿಂದ ಗಾಳಿಯ ತೇವವನ್ನೂ ಗಣಿಸಬೇಕು. ೧೯೫೯ರಲ್ಲಿ ಅಮೆರಿಕದ ಹವಾಮಾನ ತಜ್ಞ ಥಾಮ್ ಮನುಷ್ಯರ ಅಸೌಖ್ಯವನ್ನು ಅಳೆಯಲೆಂದು ಪ್ರಕಟಿಸಿದ ಸೂಚಕವು ಮುಂದೆ ಪಶುಗಳಿಗೂ ಅನ್ವಯವಾಗಿ ಉಷ್ಣ-ಆರ್ದ್ರತಾ ಸೂಚ್ಯಂಕವೆಂಬ ಹೆಸರನ್ನು ಪಡೆಯಿತು. ಈ ಸೂಚ್ಯಂಕವು ೭೨ನ್ನು ಮೀರಿದಾಗ ಹಾಲಿನ ಹಸುವಿಗೆ ಬಾಧೆ ಮೊದಲಾಗುವುದೆಂದು ಬಹುಕಾಲ ಎಣಿಸಲಾಗಿದ್ದಿತು. ಅಧಿಕ ಹಾಲಿನ ತಳಿಗಳಲ್ಲಿ ೬೮ರಲ್ಲಿಯೇ ಅದು ತೋರುವುದೆಂದು ಈಚಿನ ಸಂಶೋಧನೆಗಳು ತಿಳಿಸಿವೆ.

ಲೆಕ್ಕ ಹಾಕಿ ನೋಡೋಣ. ಗಾಳಿಯ ಉಷ್ಣತೆ ೩೨ ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ ೫೫ ಇರುವ ಮಧ್ಯಾಹ್ನದಲ್ಲಿ ಸೂಚ್ಯಂಕವು ೮೨ರ ಸಮೀಪಕ್ಕೆ ಬರುತ್ತದೆ. ಉಷ್ಣತೆ ಕೇವಲ ೨೪ ಡಿಗ್ರಿ ಇದ್ದು ಆರ್ದ್ರತೆ ಶೇಕಡ ೯೦ ಇದ್ದರೂ ಅದು ೭೪. ಮನುಷ್ಯನಿಗೆ ಹಿತವೆನಿಸುವ ಹವೆಯಲ್ಲಿಯೂ ಹಸು ಬಾಧೆಪಡಬಹುದೆಂಬುದು ಇದರಿಂದ ವ್ಯಕ್ತವಾಗುತ್ತದೆ. ತಗ್ಗಾದ ತಗಡಿನ ಮಾಡು, ಗಾಳಿಯಾಡದ ಗೋಡೆ ಇವು ಕೂಡಿಕೊಂಡರೆ ಕೊಟ್ಟಿಗೆಯ ಒಳಗಿನ ಸ್ಥಿತಿ ಹೊರಗಿನದಕ್ಕಿಂತಲೂ ಕಷ್ಟಕರವಾಗುವುದು.

೨. ಗಬ್ಬದ ಕೊನೆಯ ಎರಡು ತಿಂಗಳು

ಹಸುವಿನ ಗರ್ಭಾವಧಿ ಸುಮಾರು ೨೮೦ ದಿನ. ಭ್ರೂಣದ ತೂಕದ ಅರ್ಧಕ್ಕೂ ಹೆಚ್ಚು ಭಾಗ ಕೂಡಿಬರುವುದು ಕೊನೆಯ ಎರಡು ತಿಂಗಳಲ್ಲಿ. ಹಾಲು ಬತ್ತಿಸಿದ ಈ ಅವಧಿಯಲ್ಲಿ ಹಸು ಸುಮ್ಮನೆ ವಿಶ್ರಮಿಸುತ್ತಿದೆಯೆಂದು ಭಾವಿಸುವುದು ಸರಿಯಲ್ಲ. ಮುಂದಿನ ಸೂಲಿನಲ್ಲಿ ಹಾಲನ್ನು ಸ್ರವಿಸಬೇಕಾದ ಕೆಚ್ಚಲಿನ ಜೀವಕೋಶಗಳು ಹೊಸದಾಗಿ ವೃದ್ಧಿಯಾಗುವುದೂ ಈ ಅವಧಿಯಲ್ಲಿಯೇ.

ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ ನಡೆದ ಪ್ರಯೋಗಮಾಲೆಯು ಈ ವಿಷಯದಲ್ಲಿ ಗಮನಾರ್ಹವಾದುದು. ಅಲ್ಲಿ ಹಾಲು ಬತ್ತಿಸಿದ ಹಸುಗಳ ಒಂದು ಗುಂಪಿಗೆ ನೆರಳನ್ನು ಮಾತ್ರ ಒದಗಿಸಿ, ಇನ್ನೊಂದಕ್ಕೆ ನೆರಳಿನೊಂದಿಗೆ ಬೀಸಣಿಗೆಯನ್ನೂ ನೀರಿನ ಸಿಂಪರಣೆಯನ್ನೂ ಒದಗಿಸಿದರು. ತಂಪು ದೊರೆಯದ ಹಸುಗಳಲ್ಲಿ ಕೆಚ್ಚಲಿನ ಜೀವಕೋಶಗಳ ವೃದ್ಧಿ ಕುಗ್ಗಿತು. ಮುಂದಿನ ಸೂಲಿನ ಹಾಲು ಕಡಿಮೆಯಾಯಿತು. ಕೆಲವು ದಿನ ಮುಂಚಿತವಾಗಿಯೇ ಕರು ಹುಟ್ಟಿತು. ಆ ಕರುಗಳ ತೂಕ ಕಡಿಮೆ, ಗಿಣ್ಣುಹಾಲಿನ ರೋಗರಕ್ಷಕ ಪ್ರೋಟೀನುಗಳನ್ನು ಹೀರಿಕೊಳ್ಳುವ ಶಕ್ತಿಯೂ ಕಡಿಮೆ. ಅವು ಬೆಳೆದು ಕರು ಹಾಕಿದಾಗ ತಮ್ಮ ಮೊದಲ ಸೂಲಿನಲ್ಲಿಯೂ ಹಾಲನ್ನು ಕಡಿಮೆ ಕೊಟ್ಟವು. ತಾಯಿಯ ಒಂದು ಬೇಸಿಗೆಯ ಬಾಧೆ ಮಗಳ ಕರಾವಿನವರೆಗೂ ಮುಂದುವರಿಯಿತೆಂದಾಯಿತು.

೩. ಮೇವಿನ ಪಂಚಾಂಗ

ಸೆಕೆಗೂ ಜೀವಸತ್ವಕ್ಕೂ ಇರುವ ಸಂಬಂಧವನ್ನು ಅರಿಯಲು ಕೊಡಗಿನ ಮೇವಿನ ಕ್ರಮವನ್ನು ನೆನೆಯಬೇಕು. ಜೂನ್‌ನಿಂದ ನವೆಂಬರ್‌ವರೆಗೆ ಹಸಿರು ಹುಲ್ಲು ಯಥೇಚ್ಛ. ಆ ಬಳಿಕ ಭತ್ತದ ಕೊಯ್ಲು. ಹುಲ್ಲನ್ನು ಮೆದೆ ಹಾಕಿ ಮುಂದಿನ ಮಳೆಯವರೆಗೆ ಉಣಿಸುವ ವಾಡಿಕೆ. ಜುಲೈ ಮಧ್ಯದಲ್ಲಿ ಗಬ್ಬ ಕಟ್ಟಿದ ಹಸು ಏಪ್ರಿಲ್ ಇಪ್ಪತ್ತರ ಸುಮಾರಿಗೆ ಕರು ಹಾಕುತ್ತದೆ. ಆದುದರಿಂದ ಅದರ ತುಂಬು ಗಬ್ಬದ ಕಾಲ, ಬಿಸಿಲಿನ ಕಾಲ, ಒಣಹುಲ್ಲಿನ ಕಾಲ ಮೂರೂ ಒಂದರ ಮೇಲೊಂದು ಬಂದು ಕೂಡುತ್ತವೆ.

ಹಸಿರು ಮೇವಿನಲ್ಲಿರುವ ಕೆರೋಟಿನ್‌ನಿಂದ ಹಸು ಎ ಜೀವಸತ್ವವನ್ನು ತಾನೇ ತಯಾರಿಸಿಕೊಂಡು ಯಕೃತ್ತಿನಲ್ಲಿ ಕೂಡಿಡುತ್ತದೆ. ಈ ಕೂಡಿಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ತಿಂಗಳಿಗೆ ಸಾಕಾಗುವಂತಹುದು. ಇ ಜೀವಸತ್ವದ ಸಂಗ್ರಹವಾದರೋ ಇದಕ್ಕಿಂತ ಬೇಗ ಬರಿದಾಗುವುದು. ತಿಂಗಳುಗಟ್ಟಲೆ ಮೆದೆಯಲ್ಲಿದ್ದ ಭತ್ತದ ಹುಲ್ಲಿನಲ್ಲಿ ಇವೆರಡೂ ಅತ್ಯಲ್ಪ. ಹೀಗಿರಲಾಗಿ, ಮಳೆಗಾಲದ ಸಂಗ್ರಹವು ಕರಗುತ್ತಿರುವ ಸಮಯದಲ್ಲಿಯೇ ಬೇಡಿಕೆ ಏರುತ್ತದೆ. ಸೆಕೆಯಲ್ಲಿ ಹಸು ಮೇವನ್ನು ಕಡಿಮೆ ಮಾಡುವುದರಿಂದ ದೊರೆಯುವ ಅಲ್ಪವೂ ಇನ್ನಷ್ಟು ಅಲ್ಪವಾಗುವುದು.

೪. ಜೀವಸತ್ವಗಳ ಕಾರ್ಯ

ಎ ಜೀವಸತ್ವವು ಗರ್ಭಕೋಶ, ಶ್ವಾಸನಾಳ, ಕರುಳು ಮೊದಲಾದವುಗಳ ಒಳಪೊರೆಯನ್ನು ಕಾಪಾಡುತ್ತದೆ. ಇದರ ಕೊರತೆಯಿಂದ ಗರ್ಭಪಾತ, ಮಾಸು ಬೀಳದಿರುವುದು, ಬಲಹೀನವಾದ ಅಥವಾ ಕುರುಡಾದ ಕರು ಹುಟ್ಟುವುದು ಸಂಭವಿಸುತ್ತದೆ. ಹಸುವಿನ ಮಾಸಿನ ರಚನೆಯಿಂದಾಗಿ ಎ ಮತ್ತು ಇ ಜೀವಸತ್ವಗಳು ಭ್ರೂಣಕ್ಕೆ ಬಹು ಸ್ವಲ್ಪವಾಗಿ ಮಾತ್ರ ಸಾಗುತ್ತವೆ. ಕರು ಹುಟ್ಟುವಾಗ ಈ ವಿಷಯದಲ್ಲಿ ಬಡವನೇ. ಗಿಣ್ಣುಹಾಲೇ ಅದರ ಮೊದಲ ಬಂಡವಾಳ. ತಾಯಿಯ ದೇಹದಲ್ಲಿಲ್ಲದುದು ಗಿಣ್ಣಿನಲ್ಲಿಯೂ ಇರಲಾರದು.

ಇ ಜೀವಸತ್ವದ ಕಾರ್ಯ ಸೆಕೆಗೆ ಇನ್ನೂ ನಿಕಟವಾದುದು. ಮೈ ಕಾದಾಗ ಜೀವಕೋಶಗಳಲ್ಲಿ ಆಮ್ಲಜನಕದ ಉಗ್ರರೂಪಗಳು ಹೆಚ್ಚಾಗಿ ಹುಟ್ಟಿ ಜೀವಕೋಶದ ಪೊರೆಯಲ್ಲಿನ ಕೊಬ್ಬನ್ನು ಕೆಡಿಸುತ್ತವೆ. ಒಂದು ಕಣ ಕೆಟ್ಟರೆ ಅದು ನೆರೆಯದನ್ನು ಕೆಡಿಸುತ್ತ ಸಾಗುತ್ತದೆ. ಈ ಸರಪಣಿಯನ್ನು ಇ ಜೀವಸತ್ವವು ನಡುವೆಯೇ ಕಡಿಯುತ್ತದೆ. ಸೆಲೀನಿಯಂ ಎಂಬ ಧಾತುವನ್ನೊಳಗೊಂಡ ಕಿಣ್ವವೊಂದು ಅದೇ ಕಾರ್ಯದಲ್ಲಿ ಸಹಕರಿಸುತ್ತದೆ. ರೋಗಾಣುಗಳನ್ನು ನುಂಗುವ ಬಿಳಿಯ ರಕ್ತಕಣಗಳ ಬಲವು ಇವೆರಡನ್ನೂ ಅವಲಂಬಿಸಿದೆ.

ಡಿ ಜೀವಸತ್ವವು ಸುಣ್ಣಾಂಶವನ್ನು ಹೀರಿಕೊಳ್ಳಲು ಬೇಕಾದುದು. ಬಿಸಿಲು ತಾಕಿದ ಚರ್ಮದಲ್ಲಿ ಅದು ತಾನಾಗಿ ಉಂಟಾಗುತ್ತದೆ. ದಿನವಿಡೀ ಕೊಟ್ಟಿಗೆಯಲ್ಲಿಯೇ ಕಟ್ಟಿದ ಹಸುವಿಗೂ, ಮೋಡ ಕವಿದ ಮಳೆಗಾಲದಲ್ಲಿಯೂ ಅದು ಸಾಲದೆ ಹೋಗಬಹುದು. ಬಿ ವರ್ಗದ ಜೀವಸತ್ವಗಳನ್ನು ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೂ, ಸಿ ಜೀವಸತ್ವವನ್ನು ಅದರ ಯಕೃತ್ತೂ ತಯಾರಿಸಿಕೊಳ್ಳುತ್ತವೆ. ಬಾಯಿಯ ಮೂಲಕ ಕೊಟ್ಟ ಸಿ ಜೀವಸತ್ವವು ಮೊದಲ ಹೊಟ್ಟೆಯಲ್ಲಿಯೇ ನಾಶವಾಗುವುದರಿಂದ ಆ ವೆಚ್ಚ ಬಹುಮಟ್ಟಿಗೆ ವ್ಯರ್ಥ. ಬಿ ವರ್ಗದ ನಯಾಸಿನ್ ಚರ್ಮದ ರಕ್ತಸಂಚಾರವನ್ನು ಹೆಚ್ಚಿಸಿ ಶಾಖ ಕಳೆಯಲು ನೆರವಾಗುವುದೆಂದು ಪರೀಕ್ಷಿಸಿದವರುಂಟು. ಆದರೆ ಫಲಿತಾಂಶಗಳು ಒಂದೇ ತೆರನಾಗಿಲ್ಲ.

೫. ಪ್ರಮಾಣ: ಹೆಚ್ಚೆಲ್ಲವೂ ಹಿತವಲ್ಲ

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು ೨೦೦೧ರಲ್ಲಿ ಪ್ರಕಟಿಸಿದ ಮಾನದಂಡದಂತೆ, ಸಂಗ್ರಹಿಸಿಟ್ಟ ಒಣಮೇವನ್ನು ತಿನ್ನುವ, ಹಾಲು ಬತ್ತಿಸಿದ ಹಸುವಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ ೧೧೦ ಅಂತಾರಾಷ್ಟ್ರೀಯ ಮಾನದಷ್ಟು ಎ, ೩೦ ಮಾನದಷ್ಟು ಡಿ, ೧.೬ ಮಾನದಷ್ಟು ಇ ಬೇಕು. ೪೦೦ ಕಿಲೋಗ್ರಾಂ ತೂಗುವ ಮಿಶ್ರತಳಿ ಹಸುವಿಗೆ ಇದು ದಿನಕ್ಕೆ ೪೪,೦೦೦ ಮಾನ ಎ, ೧೨,೦೦೦ ಮಾನ ಡಿ, ೬೪೦ ಮಾನ ಇ ಆಗುತ್ತದೆ.

ಇ ಜೀವಸತ್ವವನ್ನು ಕುರಿತ ಎರಡು ಪ್ರಯೋಗಗಳನ್ನು ವಿದ್ಯಾರ್ಥಿಗಳು ಜೊತೆಗಿಟ್ಟು ಓದಬೇಕು. ಅಮೆರಿಕದ ಒಹಾಯೋದಲ್ಲಿ ನಡೆದು ೧೯೮೪ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಾಲು ಬತ್ತಿದ ಅವಧಿಯಲ್ಲಿ ದಿನಕ್ಕೆ ಸುಮಾರು ೭೪೦ ಮಾನ ಇ ಪಡೆದ ಹಸುಗಳಲ್ಲಿ ಕೆಚ್ಚಲುಬಾವು ಶೇಕಡ ೩೭ರಷ್ಟು ಕಡಿಮೆಯಾಯಿತು. ನೆದರ್‌ಲ್ಯಾಂಡ್ಸ್‌ನಿಂದ ೨೦೧೦ರಲ್ಲಿ ಪ್ರಕಟವಾದ ಪ್ರಯೋಗದಲ್ಲಾದರೋ ದಿನಕ್ಕೆ ೩,೦೦೦ ಮಾನ ಪಡೆದ ಹಸುಗಳಲ್ಲಿ ಕೆಚ್ಚಲುಬಾವು ಕಡಿಮೆಯಾಗುವುದಿರಲಿ, ಹೆಚ್ಚಾಯಿತು. ಈ ವೈಷಮ್ಯವು ವಿರೋಧವಲ್ಲ. ಕೊರತೆಯಿದ್ದಲ್ಲಿ ಯುಕ್ತ ಪ್ರಮಾಣವು ಗುಣವನ್ನು ತೋರುತ್ತದೆ; ಕೊರತೆಯಿಲ್ಲದಲ್ಲಿ ಅತಿ ಪ್ರಮಾಣವು ಕೇಡನ್ನು ತರಬಲ್ಲುದು. ಅತಿಯಾದರೆ ಎ ಜೀವಸತ್ವವೂ ವಿಷವೇ. ಸೆಲೀನಿಯಂನಲ್ಲಿ ಹಿತಕ್ಕೂ ಅಹಿತಕ್ಕೂ ನಡುವಣ ಅಂತರ ಬಹು ಕಿರಿದು. ಆದುದರಿಂದ ಇವುಗಳ ಚುಚ್ಚುಮದ್ದು ಪಶುವೈದ್ಯರ ಸಲಹೆಯಿಂದಲೇ ಆಗತಕ್ಕದ್ದು.

ಕೊರತೆಯನ್ನು ತುಂಬಲು ಔಷಧಿಯ ಅಂಗಡಿಯೊಂದೇ ದಾರಿಯಲ್ಲ. ಹಸುವು ಒಂದು ಮಿಲಿಗ್ರಾಂ ಕೆರೋಟಿನ್‌ನಿಂದ ೪೦೦ ಮಾನ ಎ ಜೀವಸತ್ವವನ್ನು ಪಡೆಯುತ್ತದೆ. ಎಂದರೆ ಮೇಲೆ ಹೇಳಿದ ೪೪,೦೦೦ ಮಾನಕ್ಕೆ ೧೧೦ ಮಿಲಿಗ್ರಾಂ ಕೆರೋಟಿನ್ ಸಾಕು. ಹತ್ತು ಕಿಲೋಗ್ರಾಂ ಎಳೆಯ ಹಸಿರು ಹುಲ್ಲಿನಲ್ಲಿ ಇದಕ್ಕೂ ಮಿಗಿಲಾಗಿ ದೊರೆಯುವುದುಂಟು. ಹಸಿರು ಮೇವು ಇಪ್ಪತ್ತು ಕಿಲೋಗ್ರಾಮಿನಷ್ಟಾದರೆ ಇ ಜೀವಸತ್ವದ ಬಹುಭಾಗವೂ ಅದರಿಂದಲೇ ಒದಗುತ್ತದೆ. ನೀರಿನಾಶ್ರಯವಿರುವಲ್ಲಿ ಹೈಬ್ರಿಡ್ ನೇಪಿಯರ್ ಹುಲ್ಲಿನ ಒಂದು ಪಟ್ಟಿ, ಕಾಫಿಯ ತೋಟದಲ್ಲಿ ನೆರಳು ಸವರುವಾಗ ದೊರೆಯುವ ಹಾಲುವಾಣದ ಸೊಪ್ಪು, ಹಲಸಿನ ಎಲೆ ಇವು ಬೇಸಿಗೆಯಲ್ಲಿಯೂ ಕೈಗೆಟುಕುವಂತಹವು. ಕಾರ್ಖಾನೆಯ ಪಶು ಆಹಾರದಲ್ಲಿಯೋ ಖನಿಜ ಮಿಶ್ರಣದಲ್ಲಿಯೋ ಜೀವಸತ್ವಗಳು ಮೊದಲೇ ಸೇರಿರಬಹುದಾದುದರಿಂದ ಚೀಲದ ಮೇಲಿನ ವಿವರವನ್ನು ಓದಿಕೊಂಡೇ ಮುಂದುವರಿಯಬೇಕು.

೬. ಉಪಸಂಹಾರ

ಜೀವಸತ್ವವು ಹಸುವಿನ ಮೈಯನ್ನು ತಣ್ಣಗಾಗಿಸುವುದಿಲ್ಲ. ಸೆಕೆಯಿಂದ ಆಗುವ ಹಾನಿಯ ಒಂದಂಶವನ್ನು ತಡೆಯಲು ನೆರವಾಗುತ್ತದೆ, ಅಷ್ಟೆ. ಕೆಚ್ಚಲಿನ ಬೆಳವಣಿಗೆ ಕುಗ್ಗುವುದನ್ನೂ ಕರುವಿನ ತೂಕ ಇಳಿಯುವುದನ್ನೂ ಫ್ಲಾರಿಡಾದಲ್ಲಿ ತಡೆದುದು ಬೀಸಣಿಗೆಯೂ ನೀರೂ ಎಂಬುದನ್ನು ಮರೆಯಲಾಗದು. ಆದುದರಿಂದ ಕ್ರಮವು ಹೀಗಿರಬೇಕೆಂದು ನಮ್ಮ ಅಭಿಪ್ರಾಯ: ಮೊದಲು ನೆರಳು, ಗಾಳಿ, ಸದಾ ಎಟುಕುವ ತಣ್ಣೀರು, ಅನಂತರ ಹೊತ್ತೇರುವ ಮುನ್ನ ಮತ್ತು ಸಂಜೆಯ ತಂಪಿನಲ್ಲಿ ಮೇವು, ಆಮೇಲೆ ಹಸಿರಿನ ಏರ್ಪಾಡು, ಇಷ್ಟರಿಂದಲೂ ತುಂಬದ ಕೊರತೆಗೆ, ಕರು ಹಾಕುವ ಮುಂಚಿನ ಎರಡು ತಿಂಗಳು, ಲೆಕ್ಕವಿಟ್ಟು ಕೊಟ್ಟ ಎ, ಡಿ, ಇ ಜೀವಸತ್ವಗಳು.

ಈ ವಿಷಯವನ್ನು ಬೋಧಿಸುವ ಅಧ್ಯಾಪಕರಿಗೆ ಒಂದು ಸೂಚನೆ. ಒಣ ಮತ್ತು ಒದ್ದೆ ಬುರುಡೆಯ ಉಷ್ಣಮಾಪಕಗಳ ಒಂದು ಜೋಡಿಯನ್ನು ಕೊಟ್ಟಿಗೆಯಲ್ಲಿ ತೂಗುಹಾಕಿ, ಫೆಬ್ರವರಿಯಿಂದ ಮೇವರೆಗೆ ದಿನವೂ ಮಧ್ಯಾಹ್ನ ಸೂಚ್ಯಂಕವನ್ನೂ ಹಸುವಿನ ಉಸಿರಾಟವನ್ನೂ ವಿದ್ಯಾರ್ಥಿಗಳಿಂದ ಬರೆಯಿಸಬಹುದು. ನೆರಳಿನಲ್ಲಿ ನಿಂತ ಹಸುವಿನ ಉಸಿರು ನಿಮಿಷಕ್ಕೆ ೬೦ನ್ನು ಮೀರಿದರೆ ಅದು ಬಾಧೆಯಲ್ಲಿದೆಯೆಂದು ತಿಳಿಯಬೇಕು. ಕರು ಹುಟ್ಟಿದ ದಿನ, ಅದರ ತೂಕ, ಮಾಸು ಬೀಳಲು ಹಿಡಿದ ಹೊತ್ತು ಇವನ್ನೂ ಅದೇ ಪುಸ್ತಕದಲ್ಲಿ ಬರೆದಿಟ್ಟರೆ, ಯಾವ ಕೊಟ್ಟಿಗೆಗೆ ಔಷಧಿ ಬೇಕು, ಯಾವುದಕ್ಕೆ ಮಾಡಿನ ಎತ್ತರವನ್ನು ಹೆಚ್ಚಿಸಿದರೆ ಸಾಕು ಎಂಬುದು ಎರಡು ಮೂರು ಬೇಸಿಗೆಗಳಲ್ಲಿ ತಿಳಿದುಬರುವುದು.