ಜ್ವರ ಬಿಟ್ಟ ದಿನ

ನಮ್ಮಲ್ಲಿ ಜ್ವರಕ್ಕೆ ಎರಡೇ ಸ್ಥಿತಿ. ಒಂದೋ ಬಂದಿದೆ, ಇಲ್ಲವೇ ಬಿಟ್ಟಿದೆ. ಬಿಟ್ಟ ಮೇಲೂ ಮಲಗಿರುವುದೆಂದರೆ ಸೋಮಾರಿತನ. ಅದರಲ್ಲೂ ಆಟಿ ತಿಂಗಳಲ್ಲಿ ಮಳೆ ಅರ್ಧ ದಿನ ಹೊಳವಾದರೆ ಅಡಿಕೆಗೆ ಮದ್ದು ಬಿಡದೆ ಇರಲಾದೀತೇ? ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ಕಾಲವೂ ಡೆಂಗಿಯ ಕಾಲವೂ ಒಂದರ ಮೇಲೊಂದು ಬೀಳುತ್ತವೆ. ನಾಲ್ಕು ದಿನ ಸುಟ್ಟ ಜ್ವರ ಇಳಿಯಿತೆಂದು ಮನುಷ್ಯ ಎದ್ದು ತೋಟಕ್ಕೆ ಹೋಗುತ್ತಾನೆ. ಡೆಂಗಿಯ ಮಟ್ಟಿಗೆ ಕಣ್ಣಿಡಬೇಕಾದ ಹೊತ್ತು ಶುರುವಾಗುವುದೇ ಆಗ.

ಡೆಂಗಿಗೆ ಥರ್ಮಾಮೀಟರೊಂದೇ ಸಾಲದು, ಗೋಡೆಯ ಕ್ಯಾಲೆಂಡರೂ ಬೇಕು. ಸೊಳ್ಳೆ ಕಚ್ಚಿ 4ರಿಂದ 10 ದಿನಕ್ಕೆ ಜ್ವರ ಕಾಣಿಸುತ್ತದೆ. ಮುಂದೆ 2ರಿಂದ 7 ದಿನ ಮೈ ಕಾಯುತ್ತದೆ. ಕಣ್ಣುಗುಡ್ಡೆಯ ಹಿಂದೆ ನೋವು, ಗಂಟುಗಂಟಿನಲ್ಲಿ ನೋವು. ಆಗ ರಕ್ತದಲ್ಲಿ ವೈರಸ್ಸಿನ ಜೊತೆಗೆ ಎನ್‌ಎಸ್‌1 ಎಂಬ ಅದರ ಪ್ರೋಟೀನೂ ಇರುತ್ತದೆ. ಮೊದಲ ದಿನಗಳ ಪರೀಕ್ಷೆಯಲ್ಲಿ ಹುಡುಕುವುದು ಇದನ್ನೇ. ಈ ಪ್ರೋಟೀನು ರಕ್ತನಾಳದ ಒಳಪದರವನ್ನು ಸಡಿಲಿಸಬಲ್ಲದು ಎಂದು 2015ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ವೈರಸ್ಸಿನ ಮೇಲೆ ನಮ್ಮದೇ ರೋಗನಿರೋಧಕ ಪಡೆ ಎರಗುವಾಗ ಹೊಮ್ಮುವ ರಾಸಾಯನಿಕಗಳೂ ಇದಕ್ಕೆ ಕೈಜೋಡಿಸುತ್ತವೆ. ಹಾಗಾಗಿ ಕೆಲವರಲ್ಲಿ, ವೈರಸ್ಸು ಸೋಲುತ್ತ ಜ್ವರ ಬಿಡುವ ಹೊತ್ತಿಗೇ ನಾಳಗಳು ಜಿನುಗತೊಡಗುತ್ತವೆ.

ಜಿನುಗುವುದು ರಕ್ತದ ತಿಳಿ. ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಮೊಸರನ್ನು ನೆನೆಸಿಕೊಳ್ಳಿ: ನೀರು ಹೊರಗೆ, ಗಟ್ಟಿ ಒಳಗೆ. ತಿಳಿ ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ನಿಲ್ಲುತ್ತದೆ. ಕೆಂಪು ಕಣಗಳು ನಾಳದಲ್ಲೇ ಉಳಿದು ರಕ್ತ ದಪ್ಪವಾಗುತ್ತದೆ. ಲ್ಯಾಬಿನ ಚೀಟಿಯಲ್ಲಿ ಪಿಸಿವಿ ಎಂಬ ಸಾಲು ಹೇಳುವುದು ಇದನ್ನು. ಮೊದಲ ದಿನ 40 ಇದ್ದದ್ದು 48 ಆದರೆ ಶೇ 20ರಷ್ಟು ಏರಿದಂತೆ. ಸೋರಿಕೆ ಜೋರಾಗಿದೆ ಎಂದು ವೈದ್ಯರು ಎಚ್ಚರಾಗುತ್ತಾರೆ. ಬಿಪಿಯ ಮೇಲಿನ ಅಂಕಿ ಸರಿಯಾಗಿಯೇ ಇರಬಹುದು, ಆದರೆ ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ಅಂತರ 20ಕ್ಕೆ ಇಳಿದರೆ ಆಘಾತದ ಬಾಗಿಲಿಗೆ ಬಂದಂತೆ. ಮನೆಯವರಿಗೆ ಕಾಣುವುದು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು, ತಣ್ಣಗಾದ ಕೈಕಾಲು. 24ರಿಂದ 48 ಗಂಟೆಯಲ್ಲಿ ಸೋರಿಕೆ ನಿಂತು, ಹೊರಬಿದ್ದ ನೀರು ತಾನಾಗಿ ನಾಳಕ್ಕೆ ಮರಳುತ್ತದೆ. ಆಗಲೂ ‘ಇನ್ನೊಂದು ಬಾಟ್ಲಿ ಏರಿಸಿ’ ಎಂದು ಹಟ ಹಿಡಿದರೆ ಹೆಚ್ಚಾದ ನೀರಿನಿಂದ ಉಸಿರೇ ಕಟ್ಟೀತು.

ವರಾಂಡದಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಪ್ಲೇಟ್‌ಲೆಟ್ ಎಷ್ಟು?’ ಪಪ್ಪಾಯಿ ಎಲೆಯ ರಸ ಹಿಂಡುವುದೂ ಅದಕ್ಕೇ, ರಕ್ತ ಕೊಡುವವರಿಗೆ ಫೋನ್ ಹಚ್ಚುವುದೂ ಅದಕ್ಕೇ. ಪ್ಲೇಟ್‌ಲೆಟ್ ಇಳಿಯುವುದು ನಿಜ. ಆದರೆ ಸಿಂಗಪುರ ಮತ್ತು ಮಲೇಷ್ಯಾದಲ್ಲಿ, ರಕ್ತಸ್ರಾವವಿಲ್ಲದ 372 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ಮುಂಜಾಗ್ರತೆಗಾಗಿ ಪ್ಲೇಟ್‌ಲೆಟ್ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪ್ಲೇಟ್‌ಲೆಟ್ ಪಡೆದವರಲ್ಲಿ ರಕ್ತಸ್ರಾವವೇನೂ ಕಡಿಮೆಯಾಗಲಿಲ್ಲ. ಆ ಒಂದು ಅಂಕಿಯ ಹಿಂದೆ ಓಡುವವರು ಪಕ್ಕದ ಪಿಸಿವಿಯ ಸಾಲನ್ನೂ ಒಮ್ಮೆ ಓದಬಾರದೇ ಎಂದು ನನಗೆ ಅನ್ನಿಸುವುದುಂಟು.

ಒಂದೇ ಮನೆಯಲ್ಲಿ ತಮ್ಮ ಗಂಜಿ ಕುಡಿದು ಎದ್ದ, ಅಣ್ಣ ಐಸಿಯು ಸೇರಿದ. ಹೀಗೇಕೆ? ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಂದು ಹೋದರೆ ಆ ಬಗೆ ಮತ್ತೆ ಕಾಡದು. ಉಳಿದ ಮೂರಕ್ಕೆ ದಾರಿ ತೆರೆದೇ ಇರುತ್ತದೆ. ಹಳೆಯ ಪ್ರತಿಕಾಯಗಳು ಹೊಸ ಬಗೆಗೆ ಅಂಟಿಕೊಂಡರೂ ಕೊಲ್ಲಲಾರವು. ಬದಲಿಗೆ ಅದನ್ನು ಜೀವಕೋಶದೊಳಗೆ ಹೊತ್ತೊಯ್ಯುತ್ತವೆ. ಬ್ಯಾಂಕಾಕಿನ ಮಕ್ಕಳ ವಾರ್ಡುಗಳಲ್ಲಿ ಕೆಲಸ ಮಾಡಿದ ಸ್ಕಾಟ್ ಹಾಲ್‌ಸ್ಟೆಡ್ ಮುಂದಿಟ್ಟ ವಿಚಾರ ಇದು. ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆ ಹರಡಿದಾಗ ಜನ ಹಗುರವಾಗಿ ದಾಟಿದರು. 1981ರಲ್ಲಿ ಎರಡನೆಯದು ಬಂದಾಗ 158 ಮಂದಿ ಸತ್ತರು. ‘ನನಗೆ ಒಮ್ಮೆ ಬಂದಾಗಿದೆ, ಇನ್ನು ಹೆದರಿಕೆಯಿಲ್ಲ’ ಎನ್ನುವವರು ಸೀತಾಳ ಸಿಡುಬಿನ ಲೆಕ್ಕ ಹಾಕುತ್ತಿದ್ದಾರೆ.

ಸೊಳ್ಳೆಗೆ ಇಲ್ಲಿ ಚರಂಡಿಯೇ ಬೇಕೆಂದಿಲ್ಲ. ಉದುರಿದ ಅಡಿಕೆ ಹಾಳೆಯೊಂದು ಅಂಗಾತ ಬಿದ್ದರೆ ದೋಣಿಯಂತೆ ನೀರು ಹಿಡಿಯುತ್ತದೆ. ಟ್ಯಾಪಿಂಗ್ ನಿಂತ ರಬ್ಬರ್ ಮರಗಳಲ್ಲಿ ಕವುಚಿ ಇಡದೆ ಬಿಟ್ಟ ಕಪ್ಪು, ಗೆರಟೆಗಳಲ್ಲೂ ಅಷ್ಟೇ. ಬಗ್ಗಿ ನೋಡಿದರೆ ಕಡ್ಡಿಯಷ್ಟು ಸಪೂರದ ಮರಿಗಳು ತಲೆಕೆಳಗಾಗಿ ನೇತಾಡುತ್ತಿರುತ್ತವೆ. ನೆರಳು ಬಿದ್ದರೆ ಕೊಂಕುತ್ತ ತಳಕ್ಕಿಳಿಯುತ್ತವೆ. ಹಗಲು ತೋಟದಲ್ಲಿ ಕಚ್ಚುವ ಪಟ್ಟೆಕಾಲಿನ ಸೊಳ್ಳೆ ಇದೇ.

ಕಳೆದ ಆಟಿಯಲ್ಲಿ ಆಸ್ಪತ್ರೆಯೊಂದರ ಬೆಂಚಿನಲ್ಲಿ ಕೂತಿದ್ದೆ. ಒಳಗೆ ವೈದ್ಯರು ಕೇಳುತ್ತಿದ್ದರು, ‘ಜ್ವರ ಶುರುವಾದದ್ದು ಯಾವಾಗಮ್ಮ? ಸರಿಯಾಗಿ ಹೇಳಿ.’

ಆಕೆ ಗಂಡನ ಮುಖ ನೋಡಿದರು. ‘ಕೆಳಗಿನ ತೋಟಕ್ಕೆ ಮದ್ದು ಬಿಟ್ಟ ರಾತ್ರಿ ಅಲ್ವಾ? ಆಳುಗಳು ಬಂದದ್ದು ಮಂಗಳವಾರ. ಹಾಗಾದ್ರೆ ಮಂಗಳವಾರವೇ ಡಾಕ್ಟ್ರೇ.’

ವೈದ್ಯರು ಬೆರಳು ಮಡಚಿ ಎಣಿಸಿದರು. ‘ಇವತ್ತಿಗೆ ಐದು. ಜ್ವರ ಬಿಟ್ಟದ್ದು?’

‘ಇವತ್ತು ಬೆಳಿಗ್ಗೆ. ಈಗ ಚೆನ್ನಾಗಿದ್ದಾರೆ. ಮನೆಗೆ ಹೋಗಬಹುದಲ್ವಾ?’