ಜಾತ್ಯತೀತ ಎಂಬ ಮಾತು, ಗುಡಿಯ ಬಾಗಿಲು

ಇಂಗ್ಲಿಷಿನ ‘ಸೆಕ್ಯುಲರ್’ ಪದಕ್ಕೆ ನಮ್ಮ ಪತ್ರಿಕೆಗಳು ‘ಜಾತ್ಯತೀತ’ ಅಂತ ಬರೆಯುತ್ತಾ ಬಂದಿವೆ. ಧರ್ಮಕ್ಕೂ ಪ್ರಭುತ್ವಕ್ಕೂ ಇರಬೇಕಾದ ಅಂತರವನ್ನು ಹೇಳಬೇಕಾದ ಪದ ಜಾತಿಯ ಮಾತಾಡುತ್ತದೆ. ಇದು ತಪ್ಪು ಅನುವಾದ ಎನ್ನುವವರಿದ್ದಾರೆ. ನನಗೆ ಈ ತಪ್ಪಿನಲ್ಲೇ ನಮ್ಮ ಸಮಾಜದ ಸತ್ಯ ಕಾಣುತ್ತದೆ. ಇಲ್ಲಿ ಧರ್ಮದ ಪ್ರಶ್ನೆಯ ಬುಡ ಕೆದಕಿದರೆ ಜಾತಿಯೇ ಸಿಗುವುದು.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಮೊದಲ ತಿದ್ದುಪಡಿ ಬಂತು. 1802ರಲ್ಲಿ ಜೆಫರ್‌ಸನ್ ಅದನ್ನು ಚರ್ಚು ಮತ್ತು ಪ್ರಭುತ್ವದ ನಡುವಿನ ಗೋಡೆ ಎಂದ. ಇಲ್ಲೂ ಅಂಥ ಗೋಡೆ ಬೇಕು ಅಂತಾರೆ ಕೆಲವರು. ಆದರೆ ಗುಡಿಯ ಹೊರಗೆ ನಿಲ್ಲಿಸಲ್ಪಟ್ಟವನಿಗೆ ಆ ಗೋಡೆ ಏನು ಕೊಡುತ್ತದೆ? ಸರ್ಕಾರ ದೂರ ಸರಿದರೆ ಗುಡಿ ಅರ್ಚಕನ, ಮೊಕ್ತೇಸರನ ಕೈಯಲ್ಲೇ ಉಳಿಯುತ್ತದೆ. ಇದು ಗೊತ್ತಿದ್ದೇ ಸಂವಿಧಾನ 25ನೇ ವಿಧಿಯಲ್ಲಿ ಧರ್ಮಸ್ವಾತಂತ್ರ್ಯ ಕೊಟ್ಟು, ಅಲ್ಲೇ ಸಾರ್ವಜನಿಕ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಸುವ ಅಧಿಕಾರವನ್ನೂ ಪ್ರಭುತ್ವಕ್ಕೆ ಕೊಟ್ಟಿತು.

ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆ ಇದಕ್ಕೆ ಸಾಕ್ಷಿ. ಮದ್ರಾಸು ಸರ್ಕಾರದ 1947ರ ದೇವಾಲಯ ಪ್ರವೇಶ ಕಾಯ್ದೆ ತಮಗೆ ಅನ್ವಯಿಸದು, ಇದು ಗೌಡ ಸಾರಸ್ವತರ ಗುಡಿ ಎಂದು ಆಡಳಿತದವರು ಕೋರ್ಟಿಗೆ ಹೋದರು. 26ನೇ ವಿಧಿ ಪಂಥಗಳಿಗೆ ತಮ್ಮ ಧಾರ್ಮಿಕ ವ್ಯವಹಾರ ನಡೆಸಿಕೊಳ್ಳುವ ಹಕ್ಕು ಕೊಟ್ಟಿದೆಯಲ್ಲ! 1957ರಲ್ಲಿ ಸುಪ್ರೀಂ ಕೋರ್ಟು ಅದು ಪಂಥದ ಗುಡಿಯೇ ಎಂದು ಒಪ್ಪಿತು. ಆದರೂ ಪ್ರವೇಶದ ಹಕ್ಕೇ ಮೇಲು ಎಂದಿತು. ಜೊತೆಗೆ, ಕೆಲವು ವಿಶೇಷ ಸೇವೆಗಳನ್ನು ಪಂಥದವರಿಗೇ ಮೀಸಲಿಡಬಹುದು ಎಂದೂ ಹೇಳಿತು. ಬಾಗಿಲು ತೆರೆಯಿತು, ಒಳಗೆ ಇನ್ನೊಂದು ಗೆರೆ ಉಳಿಯಿತು.

ಇದೇ ಪ್ರಭುತ್ವ ಇನ್ನೊಂದು ಕಡೆ ನಮ್ಮ ಆತ್ಮಸಾಕ್ಷಿಗೇ ಕಾವಲು ಕೂತಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪರಿಚ್ಛೇದದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟನಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಅದೇ ವರ್ಷ ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ಬೌದ್ಧರಾದವರು 1990ರವರೆಗೆ ಕಾಯಬೇಕಾಯಿತು. ಕ್ರೈಸ್ತ, ಮುಸ್ಲಿಂ ದಲಿತರು ಈಗಲೂ ಹೊರಗೇ. ಮದ್ರಾಸಿನಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಕ್ರೈಸ್ತನಿಗೆ ಸರ್ಕಾರದ ಗೂಡಂಗಡಿ ಸಿಗಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟು, ಮತಾಂತರದ ನಂತರವೂ ಜಾತಿಯ ಹಿಂಸೆ ಅಷ್ಟೇ ತೀವ್ರವಾಗಿದೆ ಎಂದು ತೋರಿಸಿಲ್ಲವೆಂದು ಅರ್ಜಿ ತಳ್ಳಿಹಾಕಿತು. ಅವನ ಕಸುಬು ಬದಲಾಗಿರಲಿಲ್ಲ, ದೇವರು ಬದಲಾಗಿದ್ದ, ಅಷ್ಟೆ.

ಧರ್ಮ ಬಿಟ್ಟರೆ ಅನ್ನ ಹೋಗುತ್ತದೆ ಅಂದಮೇಲೆ ಅದೆಂಥ ಧರ್ಮಸ್ವಾತಂತ್ರ್ಯ? ಮೀಸಲಾತಿಯ ಪಾಲು ಕರಗೀತು ಎಂಬ ಅಳುಕು ನಮ್ಮ ಕೇರಿಗಳಲ್ಲೂ ಇದೆ, ಅದು ಹುಸಿಯಲ್ಲ. ಹಾಗಾದರೆ ಮೀಸಲಾತಿಯ ಪ್ರಮಾಣ ಹೆಚ್ಚಿಸಿ ಎಂಬ ಬೇಡಿಕೆಯೂ ಜೊತೆಗೇ ಏಳಲಿ. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ ಯಾರ ಧರ್ಮವನ್ನೂ ಕೇಳುವುದಿಲ್ಲ. ಪ್ರಭುತ್ವ ಧರ್ಮದೊಳಗೆ ಎಲ್ಲಿ ಕಾಲಿಡಬೇಕು, ಎಲ್ಲಿಂದ ಕಾಲ್ತೆಗೆಯಬೇಕು ಎಂಬುದಕ್ಕೆ ಆ ವಿಧಿಯನ್ನೇ ಅಳತೆಗೋಲು ಮಾಡಿಕೊಂಡು ನಮ್ಮ ಚಳವಳಿ ಮಾತಾಡಬೇಕು.