ಹಳ್ಳಿಯ ತನಕ ಹೋದ ವಿಶ್ವವಿದ್ಯಾನಿಲಯ

1930ರ ದಶಕದಲ್ಲಿ ಹಳೆಯ ಮೈಸೂರು ಸೀಮೆಯ ಊರುಗಳಿಗೆ ಕಾಲೇಜು ಮೇಷ್ಟ್ರುಗಳು ಬಂದು ಭಾಷಣ ಮಾಡುತ್ತಿದ್ದರು. ಆರೋಗ್ಯ, ಚರಿತ್ರೆ, ವಿಜ್ಞಾನ, ಸಾಹಿತ್ಯ, ಯಾವ ವಿಷಯವಾದರೂ ಸರಿ, ಮಾತು ಮಾತ್ರ ಅಚ್ಚಗನ್ನಡದಲ್ಲಿ. ಆ ಉಪನ್ಯಾಸಗಳೇ ಮುಂದೆ ಚಿಕ್ಕ ಪುಸ್ತಕಗಳಾಗಿ ಅಚ್ಚಾಗಿ, ಅಗ್ಗದ ಬೆಲೆಗೆ ಮನೆಮನೆ ಸೇರಿದವು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆ ಎಂದರೆ ಇದೇ. ಕಾಲೇಜಿನ ಮೆಟ್ಟಿಲು ಹತ್ತದವನಿಗೂ ವಿದ್ಯೆ ಸಲ್ಲಬೇಕೆಂಬ ಈ ಹಂಬಲವೇ ಆ ಸಂಸ್ಥೆಯ ಅತಿ ದೊಡ್ಡ ಗುಣ.

1916ರ ಜುಲೈ 27ರಂದು ವಿಶ್ವವಿದ್ಯಾನಿಲಯ ಆರಂಭವಾಯಿತು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಹಿಂದೆ ನಿಂತು ದುಡಿದವರು ದಿವಾನ್ ವಿಶ್ವೇಶ್ವರಯ್ಯ, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಅದಕ್ಕೆ ಮುಂಚೆ ಇಲ್ಲಿನ ಹುಡುಗರು ಪದವಿಗಾಗಿ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗೇ ಕೂರಬೇಕಿತ್ತು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಹೊಸ ಸಂಸ್ಥೆಯ ಎರಡು ಕಂಬಗಳಾದವು.

ಮಹಾರಾಜ ಕಾಲೇಜಿನ ಕಥೆಯೇ ಒಂದು ಪುರಾಣ. 1918ರಿಂದ 1921ರವರೆಗೆ ರಾಧಾಕೃಷ್ಣನ್ ಅಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ಅವರು ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ರೈಲು ನಿಲ್ದಾಣ ಮುಟ್ಟಿಸಿದರೆಂದು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಆರ್.ಕೆ. ನಾರಾಯಣ್, ಎಂ.ಎನ್. ಶ್ರೀನಿವಾಸ್ ಓದಿದ್ದು ಇಲ್ಲೇ. 1927ರಲ್ಲಿ ಕನ್ನಡ ಎಂ.ಎ. ಶುರುವಾಯಿತು. ಟಿ.ಎಸ್. ವೆಂಕಣ್ಣಯ್ಯನವರ ಕೈಯಲ್ಲಿ ಪಳಗಿ 1929ರಲ್ಲಿ ಎಂ.ಎ. ಮುಗಿಸಿದ ಮಲೆನಾಡಿನ ಹುಡುಗ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು, ಪ್ರಿನ್ಸಿಪಾಲರಾದರು, 1956ರಲ್ಲಿ ಕುಲಪತಿಯೂ ಆದರು. ತಾನು ಓದಿದ ವಿಶ್ವವಿದ್ಯಾನಿಲಯಕ್ಕೇ ಕುಲಪತಿಯಾದ ಮೊದಲ ವಿದ್ಯಾರ್ಥಿ ಕುವೆಂಪು.

ಅವರ ಕಣ್ಣಿಗೆ ಬಿದ್ದದ್ದು ಕುಕ್ಕರಹಳ್ಳಿ ಕೆರೆಯ ಆಚೆಯ ವಿಶಾಲ ಜಾಗ. ಸ್ನಾತಕೋತ್ತರ ವಿಭಾಗಗಳಿಗೆಲ್ಲ ಅಲ್ಲಿ ಒಂದೇ ನೆಲೆ ಕಲ್ಪಿಸಿ, ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಓದಿದವರು ಕರೆಯುವುದು ಬರೀ ‘ಗಂಗೋತ್ರಿ’ ಎಂದು.

ಬೆಳಗಾದರೆ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವವರ ಸಾಲು, ನೀರಲ್ಲಿ ಹೆಜ್ಜಾರ್ಲೆ ಹಕ್ಕಿಗಳು. ಹತ್ತು ಗಂಟೆಯ ಹೊತ್ತಿಗೆ ಮರಗಳ ನೆರಳಿನ ರಸ್ತೆಯಲ್ಲಿ ಹಾಸ್ಟೆಲ್ ಹುಡುಗರು ವಿಭಾಗಗಳತ್ತ ನಡೆಯುತ್ತಾರೆ. ಚಾಮರಾಜನಗರ, ಮಂಡ್ಯ, ಹೆಗ್ಗಡದೇವನಕೋಟೆ ಕಡೆಯವರ ಜೊತೆಗೆ ಪಶ್ಚಿಮ ಏಷ್ಯಾ, ಆಫ್ರಿಕಾದಿಂದ ಬಂದವರೂ ಇದ್ದಾರೆ. ಗ್ರಂಥಾಲಯದಲ್ಲಿ ಸಂಶೋಧನೆಯ ಕಡತ ಹಿಡಿದವರ ಪಕ್ಕದಲ್ಲೇ ಕೆಎಎಸ್ ಪರೀಕ್ಷೆಗೆ ತಯಾರಾಗುವವರು. ಮನೆಯಲ್ಲಿ ಮೊದಲ ಬಾರಿಗೆ ಎಂ.ಎ. ಓದುತ್ತಿರುವ ಹೆಣ್ಣುಮಕ್ಕಳನ್ನು ಇಲ್ಲಿ ಹುಡುಕಬೇಕಿಲ್ಲ, ಪ್ರತಿ ತರಗತಿಯಲ್ಲೂ ಕಾಣುತ್ತಾರೆ. ದಸರಾ ಹತ್ತಿರವಾದಾಗ ಬಯಲು ರಂಗಮಂದಿರದಲ್ಲಿ ಯುವಜನರ ಕುಣಿತ, ಗದ್ದಲ.

ಆವರಣದೊಳಗಿನ ಜಯಲಕ್ಷ್ಮೀವಿಲಾಸ ಅರಮನೆಯನ್ನು ಮರೆಯಬಾರದು. ರಾಜಕುಮಾರಿಗಾಗಿ ಕಟ್ಟಿಸಿದ ಆ ಸೌಧದಲ್ಲಿ ಮುಂದೆ ಜನಸಾಮಾನ್ಯರ ಬದುಕು ನೆಲೆಸಿತು. 1968ರಲ್ಲಿ ತೆರೆದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯಂಥವರು ಊರೂರು ಅಲೆದು ಸಾಮಾನು ಕೂಡಿಸಿದರು. ಸೋಮನ ಕುಣಿತದ ಮುಖಗಳು, ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಬೇಸಾಯದ ಸಲಕರಣೆ, ಅಡುಗೆಮನೆಯ ಪಾತ್ರೆಪಗಡಿ ಎಲ್ಲಕ್ಕೂ ಅಲ್ಲಿ ಅರಮನೆಯ ಮರ್ಯಾದೆ.

ಓಲೆಗರಿಗಳ ಸಿರಿ ಇನ್ನೊಂದು ಕಡೆ ಇದೆ. 1891ರಲ್ಲಿ ಓರಿಯೆಂಟಲ್ ಲೈಬ್ರರಿಯಾಗಿ ಹುಟ್ಟಿ, ಮುಂದೆ ವಿಶ್ವವಿದ್ಯಾನಿಲಯಕ್ಕೆ ಸೇರಿದ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ. ಕಳೆದೇಹೋಯಿತೆಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಅಲ್ಲಿಯೇ. 1909ರಲ್ಲಿ ಅದು ಅಚ್ಚಾದಾಗ ಭಾರತದ ರಾಜ್ಯಶಾಸ್ತ್ರದ ಚರಿತ್ರೆಯನ್ನೇ ಹೊಸದಾಗಿ ಬರೆಯಬೇಕಾಯಿತು.

ಬೆಂಗಳೂರು, ಮಂಗಳೂರು, ಕುವೆಂಪು ವಿಶ್ವವಿದ್ಯಾನಿಲಯಗಳು ಬೇರೆಯಾದ ಮೇಲೆ ಮೈಸೂರಿನ ವ್ಯಾಪ್ತಿ ಕಿರಿದಾಗಿದೆ. 1969ರಲ್ಲಿ ಆರಂಭವಾದ ಅಂಚೆ ತೆರಪಿನ ಶಿಕ್ಷಣವೂ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಪ್ರತ್ಯೇಕವಾಯಿತು. ಇದರಿಂದ ನಷ್ಟವೇನಿಲ್ಲ, ಮಕ್ಕಳು ಬೇರೆ ಮನೆ ಮಾಡಿಕೊಂಡಂತೆ. ನಷ್ಟವಾಗುತ್ತಿರುವುದು ಬೇರೆ ಕಡೆ: ನಿವೃತ್ತರಾದ ಅಧ್ಯಾಪಕರ ಜಾಗಕ್ಕೆ ಕಾಯಂ ನೇಮಕಾತಿ ಆಗುತ್ತಿಲ್ಲ, ಪಾಠದ ಹೊರೆ ಅತಿಥಿ ಉಪನ್ಯಾಸಕರ ಹೆಗಲಿಗೆ ಬಿದ್ದಿದೆ. ವೆಂಕಣ್ಣಯ್ಯನವರಂಥ ಗುರು ಸಿಕ್ಕಿದ್ದರಿಂದಲೇ ಕುವೆಂಪು ಅವರಂಥ ಶಿಷ್ಯರು ಬೆಳೆದರು. ನಾಳಿನ ಹಳ್ಳಿ ಮಕ್ಕಳಿಗೂ ಅಂಥ ಗುರುಗಳು ಸಿಗಬೇಕಾದರೆ ಸರ್ಕಾರ ಖಾಲಿ ಹುದ್ದೆಗಳನ್ನು ತಡಮಾಡದೆ ತುಂಬಬೇಕು.